ಶಿಖರದ ಮೇಲಿನ ಸಣ್ಣ ದನಿ

ಜವಳಗೇರಾದ ಹೊಲಗಳ ನಡುವೆ ನಿಂತವನಿಗೆ ಭೂಮಿಯು ಹಾಸಿದ ಕಂಬಳಿಯಂತೆ ತೋರುತ್ತದೆ. ಕಪ್ಪು ಎರೆಯ ನೆಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅದರಾಚೆ ಮತ್ತೆ ಗದ್ದೆ. ಈ ಸಮತಟ್ಟಿನಲ್ಲಿ ಎತ್ತರವನ್ನು ಬಯಸುವವನು ಸಿಂಧನೂರನ್ನು ದಾಟಿ ಮಸ್ಕಿಯ ಗುಡ್ಡದವರೆಗೆ ನಡೆಯಬೇಕು. ಆ ಗುಡ್ಡದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬಾತನು ಅದನ್ನು ಗುರುತಿಸಿದನು. ಅಲ್ಲಿಯವರೆಗೆ ತಿಳಿದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರವಿತ್ತು, ಆ ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಮಸ್ಕಿಯ ಬಂಡೆಯು ಜಗತ್ತಿಗೆ ಸಾರಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ, ಇವೆಲ್ಲವೂ ಕಲ್ಲುಗುಡ್ಡಗಳೇ. ಬರೆಸಿದವನಿಗೆ ಓದುವವನು ಯಾರೆಂದು ತಿಳಿದಿರಲಿಲ್ಲ, ಆದರೂ ಬರೆಸಿದನು. ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರನು ಕೊನೆಗೆ ತನ್ನ ಹೆಸರನ್ನೂ ಕೆತ್ತಿದನು. ಕಾಣದ ಯಾರಿಗೋ ಒಂದು ಮಾತನ್ನು ಮುಟ್ಟಿಸಬೇಕು, ಅದನ್ನು ಮುಟ್ಟಿಸಿದವನು ತಾನೆಂದು ತಿಳಿಸಬೇಕು ಎಂಬ ಬಯಕೆ ಮನುಷ್ಯನಲ್ಲಿ ಬಹು ಹಳೆಯದು.

ಇಂದು ನಾನು ಹೇಳಹೊರಟಿರುವುದು ಶಾಸನಗಳ ವಿಷಯವಲ್ಲ. ಅದೇ ಬಯಕೆಯಿಂದ ಬೆನ್ನಿಗೊಂದು ಚೀಲವನ್ನೇರಿಸಿಕೊಂಡು ಬೆಟ್ಟವೇರಿ, ತುದಿಯಲ್ಲಿ ತಂತಿಯನ್ನು ಕಟ್ಟಿ, ಸಣ್ಣದೊಂದು ಬಾನುಲಿ ಯಂತ್ರದಿಂದ ಅಪರಿಚಿತರನ್ನು ಕರೆಯುವ ಹವ್ಯಾಸಿಗಳ ವಿಷಯ. ಇವರಿಗೆ ‘ಹ್ಯಾಮ್’ ಎಂಬ ಹೆಸರು ರೂಢಿಯಲ್ಲಿದೆ. ಅವರು ಏಕೆ ಹತ್ತುತ್ತಾರೆ, ಹತ್ತಿದವರಿಗೆ ಏನು ದೊರೆಯುತ್ತದೆ ಎಂಬೆರಡು ಪ್ರಶ್ನೆಗಳನ್ನು ವಿಚಾರಿಸುವುದು ನನ್ನ ಉದ್ದೇಶ.

ಬಾನುಲಿಯೆಂದರೆ ನಮಗೆ ಕೇಳುವ ವಸ್ತು. ಒಬ್ಬನು ಮಾತನಾಡುತ್ತಾನೆ, ಸಾವಿರಾರು ಜನ ಕೇಳುತ್ತಾರೆ, ಕೇಳುವವರು ಮರುನುಡಿಯುವಂತಿಲ್ಲ. ಈ ಏಕಮುಖ ಬಾನುಲಿಗೂ ನಮ್ಮ ನಾಡಿನಲ್ಲಿ ಹವ್ಯಾಸವೇ ತವರು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕವನ್ನಿಟ್ಟು ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯೊಡನೆ ಬೆಸೆದುಕೊಂಡಿದೆ. ಹ್ಯಾಮ್‌ಗಳ ಬಾನುಲಿಯಾದರೋ ಎರಡು ಮುಖದ್ದು. ಇಲ್ಲಿ ಕೇಳಿದವನು ಉತ್ತರ ಕೊಡಲೇಬೇಕು; ಉತ್ತರ ಬಾರದಿದ್ದರೆ ಕರೆದದ್ದು ವ್ಯರ್ಥ. ಈ ಕಾರ್ಯಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿಯನ್ನು ಪಡೆಯಬೇಕು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಪರವಾನಗಿಯೊಡನೆ ‘ವಿ.ಯು.’ ಎಂಬ ಅಕ್ಷರಗಳಿಂದ ಮೊದಲಾಗುವ ಕರೆಸಂಕೇತವೊಂದು ದೊರೆಯುತ್ತದೆ. ಆ ಸಂಕೇತವು ಜಗತ್ತಿನಲ್ಲಿ ಇನ್ನೊಬ್ಬರಿಗಿರದು. ಮುಖ್ಯವಾದ ನಿಬಂಧನೆಯೆಂದರೆ, ಈ ಸಂಪರ್ಕದಿಂದ ಹಣವನ್ನು ಗಳಿಸುವಂತಿಲ್ಲ. ಅಂತರರಾಷ್ಟ್ರೀಯ ಒಪ್ಪಂದವೇ ಹವ್ಯಾಸಿ ಬಾನುಲಿಯನ್ನು ದ್ರವ್ಯಾಪೇಕ್ಷೆಯಿಲ್ಲದ ಸ್ವಂತ ಆಸಕ್ತಿಯ ಕಾರ್ಯವೆಂದು ನಿರೂಪಿಸಿದೆ. ಆದುದರಿಂದ ಪ್ರತಿಫಲದ ಪ್ರಶ್ನೆಯಲ್ಲಿ ಹಣದ ಲೆಕ್ಕವನ್ನು ಮೊದಲೇ ತೆಗೆದುಹಾಕಬೇಕಾಗುತ್ತದೆ.

ಮನೆಯಲ್ಲಿ ಕುಳಿತೇ ಮಾತನಾಡಬಹುದಾದಾಗ ಬೆಟ್ಟವೇಕೆ? ಇದಕ್ಕೆ ನಿಸರ್ಗವು ಕೊಡುವ ಉತ್ತರ ಮೊದಲನೆಯದು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳು ಬಳಸುವ 144 ಮೆಗಾಹರ್ಟ್ಸಿನ ಸುತ್ತಿನ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಭೂಮಿಯ ಉಬ್ಬು ಅವುಗಳಿಗೆ ಅಡ್ಡ. ಬಯಲಿನಲ್ಲಿ ನಿಂತವನ ದಿಗಂತವು ಸುಮಾರು 5 ಕಿಲೋಮೀಟರು ದೂರದಲ್ಲಿದೆ. ಸುತ್ತಲಿನ ನೆಲದಿಂದ 100 ಮೀಟರು ಎತ್ತರದ ಗುಡ್ಡದ ಮೇಲೆ ನಿಂತರೆ ಬಾನುಲಿಯ ದಿಗಂತವು ಸುಮಾರು 41 ಕಿಲೋಮೀಟರಿಗೆ ಸರಿಯುತ್ತದೆ. 400 ಮೀಟರಾದರೆ 82 ಕಿಲೋಮೀಟರಿಗೆ. ಎತ್ತರ ನಾಲ್ಮಡಿಯಾದರೆ ದೂರ ಇಮ್ಮಡಿಯಾಗುವುದೆಂಬ ಗಣಿತವಿದು. ಅಂತಹ ಎರಡು ಗುಡ್ಡಗಳ ಮೇಲೆ ಇಬ್ಬರು ನಿಂತರೆ, ನಡುವೆ ಬೇರೆ ಅಡ್ಡಿಯಿಲ್ಲದಿದ್ದಲ್ಲಿ, 160 ಕಿಲೋಮೀಟರು ದೂರದಿಂದಲೂ ಒಬ್ಬರನ್ನೊಬ್ಬರು ಕೇಳಬಹುದು. ಹಣ ಕೊಟ್ಟು ದೊಡ್ಡ ಕಂಬವನ್ನು ನೆಡಿಸಲಾರದವನಿಗೆ ಬೆಟ್ಟವೇ ಕಂಬವಾಗುತ್ತದೆ.

ಎರಡನೆಯ ಉತ್ತರ ನಿಶ್ಶಬ್ದದ್ದು. ಊರೊಳಗಿನ ಮನೆಯಲ್ಲಿ ಗ್ರಾಹಕವನ್ನು ತಿರುಗಿಸಿದರೆ ಕೇಳುವುದು ಊರಿನ ಕೊರೆತವೇ: ಮೋಟಾರುಗಳು, ವಿದ್ಯುದ್ದೀಪಗಳು, ಫೋನು ತುಂಬಿಸುವ ಪೆಟ್ಟಿಗೆಗಳು, ಸಡಿಲಾದ ತಂತಿಗಳು. ಇವುಗಳ ಗುಜುಗುಜಿನಲ್ಲಿ ದೂರದೇಶದ ಕ್ಷೀಣ ಸಂಕೇತವು ಮುಳುಗಿಹೋಗುತ್ತದೆ. ಶಿಖರದಲ್ಲಿ ಈ ಗದ್ದಲ ಇಳಿಯುತ್ತದೆ. ಮನೆಯಲ್ಲಿ ಎಷ್ಟು ಶಕ್ತಿಯನ್ನು ಹೆಚ್ಚಿಸಿದರೂ ಕಿವಿ ಚುರುಕಾಗುವುದಿಲ್ಲ. ಬೆಟ್ಟವು ಕಿವಿಯನ್ನೇ ಚುರುಕು ಮಾಡುತ್ತದೆ. ಮಾತನಾಡುವುದಕ್ಕಾಗಿ ಹತ್ತಿದವನು ಕೇಳುವುದನ್ನು ಕಲಿತು ಇಳಿಯುತ್ತಾನೆ ಎಂದು ಹೇಳಿದರೆ ತಪ್ಪಾಗದು.

ಕಿರುಅಲೆಗಳ ಕಥೆ ಇನ್ನೂ ಸ್ವಾರಸ್ಯಕರವಾದದ್ದು. 1912ರಲ್ಲಿ ಅಮೆರಿಕದ ಸರ್ಕಾರವು ಹವ್ಯಾಸಿಗಳನ್ನು 200 ಮೀಟರು ಮತ್ತು ಅದಕ್ಕಿಂತ ಕಿರಿದಾದ ತರಂಗಾಂತರಗಳಿಗೆ ಅಟ್ಟಿತು. ಆ ಅಲೆಗಳು ದೂರಸಂಪರ್ಕಕ್ಕೆ ನಿರುಪಯುಕ್ತವೆಂಬುದು ಆಗಿನ ತಜ್ಞರ ಮತ. ಹವ್ಯಾಸಿಗಳು ಆ ಬಂಜರನ್ನೇ ಉತ್ತರು. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬಾತನು ಸ್ಕಾಟ್ಲೆಂಡಿನ ಕಡಲ ದಡದ ಗುಡಾರದಲ್ಲಿ ಕುಳಿತು ಅಮೆರಿಕದ ಹವ್ಯಾಸಿಗಳ ಸಂಕೇತಗಳನ್ನು ಕೇಳಿದನು. 1923ರ ನವೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳ ಹವ್ಯಾಸಿಗಳು ಪರಸ್ಪರ ಸಂಭಾಷಿಸಿದರು. ಮೇಲಿನ ವಾಯುಮಂಡಲದ ಅಯಾನುಗೋಳವು ಈ ಅಲೆಗಳನ್ನು ಬಾಗಿಸಿ ನೆಲಕ್ಕೆ ಮರಳಿಸುತ್ತದೆಂಬುದರ ಪ್ರಯೋಜನವು ಹೀಗೆ ಸಿದ್ಧಿಸಿತು. ಇಂದು ಶಿಖರದ ಹವ್ಯಾಸಿಯು 14 ಮೆಗಾಹರ್ಟ್ಸಿಗೆ ಹೊಂದುವ ಸುಮಾರು 10 ಮೀಟರು ಉದ್ದದ ತಂತಿಯನ್ನು ಒಂದು ಬೊಂಬಿನ ತುದಿಯಿಂದ ಇಳಿಬಿಟ್ಟು, 5 ವ್ಯಾಟಿನ ಯಂತ್ರದಿಂದ ಖಂಡಾಂತರಗಳನ್ನು ಮುಟ್ಟುವುದುಂಟು. ಮನೆಯ ಸಾಧಾರಣ ಎಲ್.ಇ.ಡಿ. ದೀಪವು ನುಂಗುವ ವಿದ್ಯುತ್ತಿಗಿಂತ ಇದು ಕಡಿಮೆ. ಅದರಲ್ಲಿಯೂ ಮೋರ್ಸ್ ಸಂಕೇತವನ್ನು ಬಲ್ಲವನಿಗೆ ಅನುಕೂಲ ಹೆಚ್ಚು. ಮಾತಿಗೆ ಬೇಕಾದಷ್ಟು ಅಗಲವಾದ ಹಾದಿ ಅದಕ್ಕೆ ಬೇಡ. ಇದ್ದಷ್ಟು ಶಕ್ತಿಯೆಲ್ಲ ಕಿರಿದಾದ ಒಂದು ಗೆರೆಯಲ್ಲಿ ಒಟ್ಟುಗೂಡುವುದರಿಂದ, ಮಾತು ಅಳಿದುಹೋಗುವಲ್ಲಿಯೂ ಚುಕ್ಕೆ-ಗೆರೆಗಳು ಉಳಿಯುತ್ತವೆ.

ಈ ಬಿಡಿಬಿಡಿ ಸಾಹಸಗಳಿಗೆ ಒಂದು ಕಟ್ಟುಪಾಡು ಬಂದದ್ದು 2002ರ ಮಾರ್ಚ್ 2ರಂದು. ‘ಸಮಿಟ್ಸ್ ಆನ್ ದಿ ಏರ್’ ಎಂಬ ಯೋಜನೆಯು ಅಂದು ಬ್ರಿಟನ್ನಿನಲ್ಲಿ ಆರಂಭವಾಗಿ ಆಮೇಲೆ ಅನೇಕ ದೇಶಗಳಿಗೆ ಹರಡಿತು. ಅದರ ನಿಯಮಗಳು ಆಲೋಚಿಸತಕ್ಕವು. ಸಾಮಾನ್ಯವಾಗಿ, ಸುತ್ತಲಿನ ನೆಲದಿಂದ 150 ಮೀಟರಿನಷ್ಟಾದರೂ ಪ್ರತ್ಯೇಕವಾಗಿ ಮೇಲೆದ್ದ ಬೆಟ್ಟಕ್ಕೆ ಮಾತ್ರ ಲೆಕ್ಕದಲ್ಲಿ ಸ್ಥಾನ. ಎತ್ತರ ಮತ್ತು ಕಷ್ಟಗಳಿಗನುಸಾರವಾಗಿ 1ರಿಂದ 10ರವರೆಗೆ ಅಂಕಗಳು. ಕೊನೆಯ ಹಾದಿಯನ್ನು ವಾಹನದಲ್ಲಿ ಕ್ರಮಿಸುವಂತಿಲ್ಲ. ಯಂತ್ರವನ್ನೆಲ್ಲ ತಾನೇ ಹೊರಬೇಕು. ಪೆಟ್ರೋಲು-ಡೀಸೆಲಿನ ಜನರೇಟರು ಕೂಡದು, ಬ್ಯಾಟರಿಯೋ ಸೂರ್ಯನ ಬಿಸಿಲೋ ಆಗಬೇಕು. ಅಂಕ ದೊರೆಯಬೇಕಾದರೆ ನಾಲ್ಕು ಸಂಪರ್ಕಗಳು ಕೈಗೂಡಬೇಕು. ಸಾವಿರ ಅಂಕಗಳನ್ನು ಗಳಿಸಿದವನಿಗೆ ‘ಬೆಟ್ಟದ ಆಡು’ ಎಂಬ ಬಿರುದು. ಮನೆಯಲ್ಲಿದ್ದುಕೊಂಡೇ ಶಿಖರಗಳ ದನಿಯನ್ನು ಹುಡುಕಿ ಸಾವಿರ ಅಂಕಗಳನ್ನು ಕೂಡಿಸಿದವನಿಗೂ ಬಿರುದುಂಟು. ಮರಕ್ಕೆ ತೂಗಿಕೊಂಡು ದಿನವೆಲ್ಲ ಕದಲದಿರುವ ಸ್ಲಾತ್ ಎಂಬ ಪ್ರಾಣಿಯ ಹೆಸರು ಅವನಿಗೆ ಸಲ್ಲುತ್ತದೆ. ಹಾಸ್ಯದ ಹೆಸರುಗಳೇ ಆದರೂ ಇಲ್ಲೊಂದು ನ್ಯಾಯವಿದೆ. ಹತ್ತುವವನಿಲ್ಲದೆ ಹುಡುಕುವವನಿಲ್ಲ, ಹುಡುಕುವವನಿಲ್ಲದೆ ಹತ್ತಿದವನ ಶ್ರಮಕ್ಕೆ ಬೆಲೆಯಿಲ್ಲ. ಕಾಲು ಸೋತ ಮುದುಕನೊಬ್ಬನು ಕುರ್ಚಿಯಲ್ಲಿ ಕುಳಿತು, ಎಂದೂ ಕಾಣಲಾರದ ಬೆಟ್ಟವೊಂದರ ದನಿಗೆ ಕಿವಿಗೊಟ್ಟು ಮರುನುಡಿದಾಗ, ಆ ಬೆಟ್ಟದಲ್ಲಿ ಅವನಿಗೂ ಪಾಲು ದೊರೆಯುತ್ತದೆ.

ಅಂಕಗಳೇ ಪ್ರೇರಣೆಯೆ? ಹೌದೆನ್ನುವವರೂ ಇರಬಹುದು, ಎಣಿಕೆಯ ಚಪಲವು ಸಣ್ಣದಲ್ಲ. ಆದರೆ ಅಂಕವು ಮನೆಯಿಂದ ಹೊರಡಿಸುವ ನೆಪ ಮಾತ್ರವೆಂದು ನನಗೆ ತೋರುತ್ತದೆ. ನಿಜವಾದ ಫಲ ಮೂರು ಬಗೆಯದು. ದೇಹ ಮತ್ತು ಬುದ್ಧಿಗಳು ಒಂದೇ ಕೆಲಸದಲ್ಲಿ ಕೂಡುವುದು ಒಂದು. ಬೆವರಿಳಿಸಿ ಹತ್ತಿದ ಮೇಲೆ ಗಾಳಿಯ ದಿಕ್ಕು, ತಂತಿಯ ಉದ್ದ, ಸೂರ್ಯನ ಹೊತ್ತು, ಅಯಾನುಗೋಳದ ಸ್ಥಿತಿ ಇವೆಲ್ಲವನ್ನೂ ಎಣಿಸಬೇಕಾಗುತ್ತದೆ. ಕೊರತೆಯೊಳಗಿನ ಸ್ವಾತಂತ್ರ್ಯ ಎರಡನೆಯದು. ಮರೆತು ಬಂದ ಬೆಸುಗೆಯ ತುಂಡನ್ನು ಶಿಖರದಲ್ಲಿ ಮಾರುವ ಅಂಗಡಿಯಿಲ್ಲ. ಇದ್ದುದರಲ್ಲಿಯೇ ನಿರ್ವಹಿಸುವ ಕೌಶಲವು ಅಲ್ಲಿ ಹುಟ್ಟುತ್ತದೆ. ಮೂರನೆಯದು ಅನಿಶ್ಚಯದ ಸುಖ. ದೂರವಾಣಿಯಲ್ಲಿ ನಾವು ಬಲ್ಲವರನ್ನೇ ಕರೆಯುತ್ತೇವೆ. ಶಿಖರದವನು ‘ಯಾರಿದ್ದೀರಿ?’ ಎಂದು ಕೂಗುತ್ತಾನೆ. ಕೆಲವೊಮ್ಮೆ ಯಾರೂ ಇರುವುದಿಲ್ಲ. ಕೆಲವೊಮ್ಮೆ, ಹಲವು ಸಲ ಕರೆದು ಸೋತ ಮೇಲೆ, ಗುಜುಗುಜಿನ ತಳದಿಂದ ತನ್ನದೇ ಕರೆಸಂಕೇತವು ಮೆಲ್ಲನೆ ಮರಳಿ ಬರುತ್ತದೆ. ಆಗಿನ ಸಂಭಾಷಣೆ ಬಹು ಚಿಕ್ಕದು: ನಿಮ್ಮ ಸಂಕೇತ ಇಷ್ಟು ಸ್ಪಷ್ಟವಾಗಿದೆ, ನಾನು ಇಲ್ಲಿದ್ದೇನೆ, 73. ಈ 73 ಎಂಬುದು ತಂತಿಯವರ ಕಾಲದಿಂದ ಬಂದ ಶುಭಾಶಯದ ಸಂಖ್ಯೆ. ಜಾತಿ, ಪದವಿ, ಸಂಬಳಗಳನ್ನು ಇಲ್ಲಿ ಯಾರೂ ವಿಚಾರಿಸುವುದಿಲ್ಲ.

‘ಪ್ರತಿಯೊಬ್ಬರ ಜೇಬಿನಲ್ಲಿಯೂ ಮೊಬೈಲು ಫೋನಿರುವ ಕಾಲದಲ್ಲಿ ಇದೆಲ್ಲ ಹೊತ್ತು ಕಳೆಯುವ ಆಟವಲ್ಲವೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದದ್ದೇ. ಇದಕ್ಕೆ ಅಂಡಮಾನಿನ ಒಂದು ಘಟನೆಯೇ ಉತ್ತರವಾಗಬಲ್ಲದು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಪೋರ್ಟ್ ಬ್ಲೇರಿಗೆ ಹೋಗಿದ್ದುದು ಕೇವಲ ಹವ್ಯಾಸಕ್ಕಾಗಿ. ಜಗತ್ತಿನ ಹ್ಯಾಮ್‌ಗಳಿಗೆ ಅಪರೂಪವಾಗಿದ್ದ ಆ ದ್ವೀಪದಿಂದ ಸಂಪರ್ಕದ ಅವಕಾಶವನ್ನು ಕೊಡಬೇಕೆಂಬುದಷ್ಟೇ ಅವರ ಉದ್ದೇಶವಾಗಿತ್ತು. ಬೆಟ್ಟವೇರುವವನ ಪ್ರೇರಣೆಯೂ ಇದೇ ಅಲ್ಲವೆ? ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ದ್ವೀಪದ ಸಂಪರ್ಕವ್ಯವಸ್ಥೆ ಕುಸಿಯಿತು. ಆಗ ಆಟದ ಯಂತ್ರವೆಂದು ಕರೆಸಿಕೊಳ್ಳಬಹುದಾಗಿದ್ದ ಅವರ ಬಾನುಲಿಯೇ ದ್ವೀಪದವರ ಯೋಗಕ್ಷೇಮವನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಒಡಿಶಾದ 1999ರ ಚಂಡಮಾರುತದಲ್ಲಿಯೂ ಭುಜ್‌ನ 2001ರ ಭೂಕಂಪದಲ್ಲಿಯೂ ಹವ್ಯಾಸಿಗಳು ಇಂತಹ ಸೇವೆ ಸಲ್ಲಿಸಿದ್ದಾರೆ. ವಿಪತ್ತಿನ ದಿನ ಯಂತ್ರವನ್ನು ಕೊಂಡು ತರಬಹುದು. ಅದನ್ನು ನಡೆಸುವ ಕೈಯನ್ನು ಕೊಂಡು ತರಲಾಗದು. ಬ್ಯಾಟರಿಯೊಂದನ್ನೇ ನಂಬಿ, ಮಾರುಕಟ್ಟೆಯಿಂದ ದೂರದಲ್ಲಿ, ಕೈಗೆ ಸಿಕ್ಕ ಆಸರೆಗೆ ತಂತಿಯನ್ನು ಕಟ್ಟಿ ಮಾತನಾಡುವುದನ್ನು ಶಿಖರದಲ್ಲಿ ಅಭ್ಯಾಸ ಮಾಡಿದವನಿಗೆ ಆ ದಿನವು ಹೊಸದಾಗಿ ತೋರುವುದಿಲ್ಲ. 2009ರ ಸೆಪ್ಟೆಂಬರಿನ ಕೊನೆಯಲ್ಲಿ ಮತ್ತು ಅಕ್ಟೋಬರಿನ ಆರಂಭದಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕವೇ ನೆರೆಯಲ್ಲಿ ತೊಯ್ದುಹೋದುದನ್ನು ಕಂಡವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ನಾಡು ನಮ್ಮದು.

ಹತ್ತುವವನಿಗೆ ಹೊಣೆಯೂ ಉಂಟು. ನಮ್ಮ ಗುಡ್ಡಗಳು ಬರಿಯ ಕಲ್ಲುರಾಶಿಗಳಲ್ಲ. ಒಂದರ ಮೇಲೆ ಗುಡಿ, ಇನ್ನೊಂದರ ಮೇಲೆ ದರ್ಗಾ, ಮತ್ತೊಂದರಲ್ಲಿ ಹಾಳುಕೋಟೆ, ಮಸ್ಕಿಯಲ್ಲಿ ಶಾಸನ. ಸಂರಕ್ಷಿತ ಸ್ಮಾರಕದ ಬಂಡೆಗೆ ಮೊಳೆ ಹೊಡೆಯುವುದಾಗಲಿ ಹಗ್ಗ ಬಿಗಿಯುವುದಾಗಲಿ ಸಲ್ಲದು. ಅರಣ್ಯದ ಬೆಟ್ಟವಾದರೆ ಅನುಮತಿಯನ್ನು ಪಡೆದೇ ಏರಬೇಕು. ಪರವಾನಗಿಯ ನಿಯಮಗಳನ್ನು ಪಾಲಿಸಬೇಕು. ಮೋಡ ಕಟ್ಟಿದಾಗ ಶಿಖರದಲ್ಲಿ ಎತ್ತರಿಸಿದ ಕಂಬವು ಸಿಡಿಲಿಗೆ ಕೊಟ್ಟ ಆಹ್ವಾನ. ಗುಡುಗಿನ ಸದ್ದು ಕೇಳುತ್ತಲೇ ತಂತಿಯನ್ನಿಳಿಸಿ ಹೊರಡುವುದು ವಿವೇಕ. ನಮ್ಮ ಕಡೆಯ ಬೇಸಗೆಯಲ್ಲಿ ಕಾದ ಬಂಡೆಯ ಮೇಲೆ ಮಧ್ಯಾಹ್ನ ಕೂರುವುದು ಸಾಹಸವಲ್ಲ, ಅವಿವೇಕ. ನಸುಕಿನಲ್ಲಿ ಹತ್ತಿ, ಬಿಸಿಲೇರುವ ಮುನ್ನ ಇಳಿಯಬೇಕು. ಯಂತ್ರಕ್ಕಿಂತ ನೀರಿನ ಭಾರ ಹೆಚ್ಚಿದ್ದರೂ ಅದನ್ನು ಬಿಟ್ಟುಹೋಗಬಾರದು.

ಬೆಂಗಳೂರಿನ ಹವ್ಯಾಸಿಗಳಿಗೆ ನಂದಿಬೆಟ್ಟವು ಸಮೀಪ. ಚಿಕ್ಕಮಗಳೂರಿನವರಿಗೆ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯೇ ಇದೆ. ಬೆಂಗಳೂರಿನಲ್ಲಿ ಹಳೆಯ ಅಮೆಚೂರ್ ರೇಡಿಯೋ ಕ್ಲಬ್ಬೂ, ಕಲಿಸಲು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಸಂಸ್ಥೆಯೂ ಇವೆ. ಬಯಲುಸೀಮೆಯ ಹುಡುಗ ಹುಡುಗಿಯರಿಗೆ ಈ ಅನುಕೂಲಗಳು ದೂರದವು. ಆದರೆ ಪರೀಕ್ಷೆಯ ವಿಷಯವು ಪ್ರೌಢಶಾಲೆಯ ವಿಜ್ಞಾನಕ್ಕಿಂತ ಬಹಳ ಮುಂದಿನದಲ್ಲ. ಆರಂಭದ ದರ್ಜೆಯ ಪರವಾನಗಿಗೆ ಮೋರ್ಸ್ ಕೂಡ ಬೇಕಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಒಂದೊಂದು ಶಾಲೆಯಲ್ಲಿ ಒಬ್ಬೊಬ್ಬ ವಿಜ್ಞಾನದ ಉಪಾಧ್ಯಾಯರು ಮನಸ್ಸು ಮಾಡಿದರೆ, ನಾಲ್ಕಾರು ಮಕ್ಕಳಾದರೂ ಪರವಾನಗಿಯನ್ನು ಪಡೆದಾರು. ಗುಡ್ಡವು ಯೋಜನೆಯ ಪಟ್ಟಿಯಲ್ಲಿರಲಿ, ಇರದಿರಲಿ. ಅಂಕ ಬರಲಿ, ಬಾರದಿರಲಿ. ಮೊದಲ ಸಲ ಅವರು ಗುಡ್ಡವನ್ನೇರಿ ತಮ್ಮ ಸಂಕೇತವನ್ನು ಉಚ್ಚರಿಸಿದಾಗ ಬಹುಶಃ ಜವಳಗೇರಾದಿಂದ ಗೆಳೆಯನೊಬ್ಬನು ಮಾತ್ರ ಉತ್ತರಿಸಿಯಾನು. ಅಷ್ಟೇ ಸಾಕು. ಎರಡನೆಯ ಸಲ ಹತ್ತುವುದಕ್ಕೆ ಆ ಒಂದು ಉತ್ತರಕ್ಕಿಂತ ಹೆಚ್ಚಿನ ಪ್ರೇರಣೆ ಬೇಕಾಗುವುದಿಲ್ಲ.