ಬಿಸಿಲಿನ ನಾಡು, ಮುಂದಾಳಿನ ಹೊಣೆ
(ವಾಗದರಿಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಜಗತ್ತಿನಲ್ಲಿ ಭಾರತದ ಸ್ಥಾನವು ದಿನೇ ದಿನೇ ಏರುತ್ತಲಿರುವದು. ಪರಿಸರ ರಕ್ಷಣೆಯ ಕಾರ್ಯದಲ್ಲಿಯೂ ಅದು ಅನೇಕ ರಾಷ್ಟ್ರಗಳ ಮುಂದಾಳಾಗಲು ಬಯಸಿರುವದು. ಈ ಮುಂದಾಳುತನಕ್ಕೂ ನಮ್ಮ ಅಕ್ಕಲಕೋಟ ತಾಲೂಕಿನ ಹೊಲಗಳಿಗೂ ಇರುವ ಸಂಬಂಧವನ್ನು ತಮ್ಮ ಮುಂದೆ ಇಡಬಯಸುವೆನು.

1972ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಲನವು ಜರುಗಿತು. ಬಡತನದ ನಿವಾರಣೆಯನ್ನು ಬದಿಗಿಟ್ಟು ಪರಿಸರವನ್ನು ಕಾಯಲಾಗದೆಂದು ಪ್ರಧಾನಿ ಇಂದಿರಾ ಗಾಂಧಿಯವರು ಅಲ್ಲಿ ವಾದಿಸಿದರು. ಅಂದು ಬಡರಾಷ್ಟ್ರಗಳ ಪರವಾಗಿ ವಾದಿಸಿದ ಭಾರತವು 2015ರ ನವೆಂಬರ 30ರಂದು ಅವುಗಳನ್ನು ಸಂಘಟಿಸಲು ಮುಂದಾಯಿತು. ಪ್ಯಾರಿಸ್ಸಿನಲ್ಲಿ ಫ್ರಾನ್ಸಿನೊಡನೆ ಕೂಡಿ ಅಂತರರಾಷ್ಟ್ರೀಯ ಸೌರ ಮೈತ್ರಿಕೂಟವನ್ನು ಘೋಷಿಸಿತು. ಬಿಸಿಲು ಹೇರಳವಾಗಿದ್ದೂ ಹಣಕ್ಕೆ ಕೊರತೆಯುಳ್ಳ ದೇಶಗಳು ಒಂದಾಗಿ, ಕಡಿಮೆ ವೆಚ್ಚದಲ್ಲಿ ಸೌರವಿದ್ಯುತ್ತನ್ನು ಪಡೆಯಬೇಕೆಂಬುದೇ ಅದರ ಉದ್ದೇಶ. ನೂರಕ್ಕೂ ಮಿಕ್ಕಿದ ದೇಶಗಳು ಅದರ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಕೇಂದ್ರ ಕಚೇರಿಯು ಗುರುಗ್ರಾಮದಲ್ಲಿರುವದು.

ಆದರೆ ಮನೆ ಗೆದ್ದು ಮಾರು ಗೆಲ್ಲಬೇಕೆಂಬುದು ನಮ್ಮ ಹಿರಿಯರ ಮಾತು. ಇಂದಿಗೂ ನಮ್ಮ ವಿದ್ಯುತ್ತಿನ ಬಹುಭಾಗವು ಕಲ್ಲಿದ್ದಲಿನಿಂದಲೇ ಹುಟ್ಟುವದು. ಸೋಲಾಪುರದ ಬಳಿಯ 1,320 ಮೆಗಾವಾಟ್ ಸ್ಥಾವರವು ಉರಿಸುವದೂ ಕಲ್ಲಿದ್ದಲನ್ನೇ. ತಲಾ ಲೆಕ್ಕದಲ್ಲಿ ನಾವು ಹೊರಬಿಡುವ ಇಂಗಾಲವು ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆಯೆಂಬುದು ನಿಜ. ಒಟ್ಟು ಲೆಕ್ಕದಲ್ಲಿ ಮಾತ್ರ ನಮ್ಮದು ಮೂರನೆಯ ಸ್ಥಾನ.

ಮನೆಯನ್ನು ಗೆಲ್ಲುವ ಯತ್ನವೊಂದು ಕನ್ನಡ ನಾಡಿನಲ್ಲಿಯೇ ನಡೆದಿದೆ. ತುಮಕೂರು ಜಿಲ್ಲೆಯ ಪಾವಗಡವು ನಮ್ಮಂತೆಯೇ ಗಡಿಯ ಸೀಮೆ, ಬರಗಾಲಕ್ಕೆ ಹೆಸರಾದುದು. ಅಲ್ಲಿಯ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ತಲೆಯೆತ್ತಿತು. 2018ರ ಮಾರ್ಚ ತಿಂಗಳಲ್ಲಿ ಉದ್ಘಾಟನೆಯಾಯಿತು. ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಲಾವಣಿಗೆ ಪಡೆದರು. ಒಡೆತನವೂ ಉಳಿಯಿತು, ಮಳೆ ಬರಲಿ ಬಾರದಿರಲಿ, ಹಣವೂ ಬರಹತ್ತಿತು. ಆದರೆ ಹೊಲವಿಲ್ಲದ ಕೂಲಿಕಾರನಿಗೆ ಲಾವಣಿ ಎಲ್ಲಿಯದು? ಅವನ ಶೇಂಗಾ ಹೊಲದ ಕೆಲಸ ತಪ್ಪಿತು. ಕುರಿ ಕಾಯುವವನ ದಾರಿಗೆ ಬೇಲಿ ಬಿದ್ದಿತು. ಲೋಕಕ್ಕೆ ದಾರಿ ತೋರುವ ದೇಶವು ಮೊದಲು ಈ ಇಬ್ಬರಿಗೆ ಉತ್ತರ ಹೇಳಬೇಕು.

ಈ ಪ್ರಶ್ನೆಯು ನಮ್ಮಿಂದಲೂ ದೂರವಿಲ್ಲ. ಮಹಾರಾಷ್ಟ್ರ ಸರಕಾರವು 2023ರಲ್ಲಿ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯ ಎರಡನೆಯ ಹಂತವನ್ನು ತಂದಿತು. ಹಗಲಿನಲ್ಲಿ ಪಂಪುಗಳಿಗೆ ವಿದ್ಯುತ್ ಒದಗಿಸುವ ಈ ಯೋಜನೆಗೆ ರೈತನು ಭೂಮಿ ಕೊಟ್ಟರೆ, ಹೆಕ್ಟೇರಿಗೆ ವರ್ಷಕ್ಕೆ 1,25,000 ರೂಪಾಯಿ ಲಾವಣಿಯನ್ನು ಗೊತ್ತುಪಡಿಸಿತು. ಇಂಥ ಕರಾರು ನಮ್ಮ ಮನೆಬಾಗಿಲಿಗೆ ಬಂದಾಗ, ಕನ್ನಡದಲ್ಲಿಯೇ ಕಲಿತ ನಮ್ಮ ರೈತನು ತಿಳಿಯದೆ ಸಹಿ ಹಾಕುವಂತಾಗಬಾರದು. ಅದರ ಪ್ರತಿಯೊಂದು ಕಲಮನ್ನೂ ಅವನಿಗೂ ಅವನ ಮನೆಯ ಹೆಣ್ಣುಮಕ್ಕಳಿಗೂ ಕನ್ನಡದಲ್ಲಿ ಓದಿ ತಿಳಿಸುವ ಕೆಲಸವನ್ನು ನಮ್ಮ ಸಂಘವು ಕೈಕೊಳ್ಳಲಿ. ಭೂಮಿಯಿಲ್ಲದವರ ದುಡಿಮೆಯ ಮಾತನ್ನು ಗ್ರಾಮಸಭೆಯಲ್ಲಿ ಎತ್ತಲಿ. ಇಷ್ಟಾದರೆ ದೇಶದ ಹಿರಿತನಕ್ಕೆ ವಾಗದರಿಯೂ ಹೆಗಲು ಕೊಟ್ಟಂತಾಗುವದು.