ಬಾಗಿಲು ಒಳಗಿನಿಂದ ಹಾಕಿತ್ತು

ನಾನು ಈಗ ಮಾತಾಡ್ತಾ ಇರೋದು ವಿಶಾಖಪಟ್ಟಣದ ಪಕ್ಕದ ಪರವಾಡದಿಂದ. ಕಿಟಕಿಯ ಆಚೆ ಸಿಂಹಾದ್ರಿ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣ್ತವೆ. ಸುತ್ತ ಔಷಧಿ ಕಾರ್ಖಾನೆಗಳು. ಅವುಗಳ ಯಂತ್ರಗಳಿಂದ ಬರುವ ಮಾಹಿತಿಯನ್ನು ಕೂಡಿಡುವ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಊರು ಬಳ್ಳಾರಿ. ಆದ್ದರಿಂದ ತೆಲುಗಿನ ತೊಂದರೆ ಇಲ್ಲ, ಬಿಸಿಲಿನ ತೊಂದರೆಯೂ ಇಲ್ಲ.

ಇವತ್ತಿನ ವಿಷಯ ಕೊಲೆ. ಅಂದ್ರೆ ಒಂದು ವಿಶೇಷ ಬಗೆಯ ಕೊಲೆ. ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ, ಕಿಟಕಿಗೆ ಸರಳು ಇದೆ, ಬಾಗಿಲು ಒಡೆದು ನೋಡಿದರೆ ಒಳಗೆ ಹೆಣ. ಕೊಂದವನು ಇಲ್ಲ, ಚಾಕುವೂ ಇಲ್ಲ. ಮುಚ್ಚಿದ ಕೋಣೆಯ ಕಥೆ ಅಂತ ಕರೆಯೋಣ. ಇದನ್ನು ಜನ ಯಾಕೆ ಇಷ್ಟು ಇಷ್ಟಪಟ್ಟು ಓದ್ತಾರೆ, ಅದರಲ್ಲೂ ನನ್ನಂಥ ಕಂಪ್ಯೂಟರ್ ಮಂದಿ ಯಾಕೆ ಬಿದ್ದು ಬಿದ್ದು ಓದ್ತಾರೆ ಅನ್ನೋದು ಪ್ರಶ್ನೆ.

ನನಗೆ ಈ ಚಟ ಹತ್ತಿದ್ದು ಅಪ್ಪನಿಂದ. ನಮ್ಮ ಬೀದಿಯಲ್ಲಿ ಒಂದು ಬಾಡಿಗೆ ಲೈಬ್ರರಿ ಇತ್ತು, ದಿನಕ್ಕೆ ಒಂದು ರೂಪಾಯಿ. ಅಪ್ಪ ತರ್ತಾ ಇದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಶಾಲೆಯಲ್ಲಿ ಹೆಚ್ಚು ಓದಲಾಗದೆ ಹೋದ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ನಂಬಿ ಕನ್ನಡ ಓದೋಕೆ ಕಲಿತವರು ಎಷ್ಟೋ ಜನ. ಇನ್ನೊಬ್ಬರು ಮ. ರಾಮಮೂರ್ತಿ. ನಮ್ಮ ಹಳದಿ-ಕೆಂಪು ಬಾವುಟ ಕೊಟ್ಟವರು ಅಂತ ಎಲ್ಲರಿಗೂ ಗೊತ್ತು, ಅವರು ಪತ್ತೇದಾರಿ ಕಾದಂಬರಿ ಬರೀತಾ ಇದ್ದರು ಅನ್ನೋದು ನವೆಂಬರ್ ಒಂದರ ಭಾಷಣಗಳಲ್ಲಿ ಬರೋದಿಲ್ಲ. ಪಕ್ಕದ ಮನೆಯಲ್ಲಿ ತೆಲುಗಿನ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್ ಸಿಗ್ತಾ ಇದ್ದ. ಹೀಗಾಗಿ ನನಗೆ ಇಬ್ಬರು ಪತ್ತೇದಾರರು, ಎರಡು ಭಾಷೆ.

ಒಂದು ಸಲ ಬಾಡಿಗೆಗೆ ತಂದ ಪುಸ್ತಕದಲ್ಲಿ ಕೊನೆಯ ಹಾಳೆಗಳೇ ಇರಲಿಲ್ಲ. ಯಾರೋ ಹರಿದುಕೊಂಡಿದ್ದರು. ಮಹಡಿಯ ಮೇಲಿನ ಕೋಣೆ, ಅಗುಳಿ ಹಾಕಿದ ಬಾಗಿಲು, ಒಳಗೆ ಸತ್ತ ಸಾಹುಕಾರ. ನಾನು ಅಳೋದೊಂದು ಬಾಕಿ. ಅಪ್ಪ ಮಾತ್ರ ಆರಾಮಾಗಿ, "ಇಲ್ಲಿವರೆಗೆ ಓದಿದ್ದೀಯಲ್ಲ, ನೀನೇ ಹೇಳು, ಹೆಂಗಾಗಿರಬೇಕು?" ಅಂದ್ರು. ಮೂರು ದಿನ ನಾನು ನಮ್ಮ ಮನೆ ಅಗುಳಿಗೆ ದಾರ ಕಟ್ಟಿ ಹೊರಗಿನಿಂದ ಎಳೆಯೋದನ್ನೇ ಮಾಡಿದೆ. ದಾರ ಹರಿಯಿತು, ಅಗುಳಿ ಅಲ್ಲಾಡಲಿಲ್ಲ. ಅಮ್ಮ ಬೈದದ್ದು ಬೇರೆ ಲೆಕ್ಕ.

ಅಲ್ಲಿ ಗೊತ್ತಾಗಿದ್ದು ಏನಂದ್ರೆ, ನಮ್ಮ ಹಳೇ ಮನೆಗಳು ಈ ಕಥೆಗೆ ಒಗ್ಗೋದೇ ಇಲ್ಲ. ಹೆಂಚಿನ ಮನೆಯಾದರೆ ನಾಲ್ಕು ಹೆಂಚು ಸರಿಸಿ ಇಳಿಯಬಹುದು. ಗವಾಕ್ಷಿ ಇರ್ತದೆ, ಹಿತ್ತಲ ಬಾಗಿಲು ಇರ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಜಗುಲಿ ಮೇಲೆ ಒಬ್ಬ ಅಜ್ಜಿ ಇರ್ತಾಳೆ, ಯಾರು ಬಂದರು ಯಾರು ಹೋದರು ಅಂತ ಪೊಲೀಸರಿಗಿಂತ ಚೆನ್ನಾಗಿ ಹೇಳ್ತಾಳೆ. ಒಬ್ಬನೇ ಒಂದು ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೂರೋದು ನಮ್ಮ ಕೂಡುಕುಟುಂಬಗಳಲ್ಲಿ ಆಗೋ ಮಾತಲ್ಲ. ಜಪಾನಿನಲ್ಲೂ ಇದೇ ತಾಪತ್ರಯ ಇತ್ತು. ಅಲ್ಲಿ ಕಾಗದದ ಬಾಗಿಲು, ಪಕ್ಕಕ್ಕೆ ಸರಿಸೋದು. ಅಂಥ ದೇಶದಲ್ಲಿ ಸೆಯಿಶಿ ಯೊಕೊಮಿಜೊ 1946ರಲ್ಲಿ ಒಂದು ಕಥೆ ಕಟ್ಟಿದರು. ಮನೆಯ ಸುತ್ತ ಹಿಮ ಬಿದ್ದಿದೆ, ಹೆಜ್ಜೆ ಗುರುತೇ ಇಲ್ಲ. ಕದ ಗಟ್ಟಿ ಇಲ್ಲದಿದ್ದರೆ ಹಿಮವೇ ಗೋಡೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಕಥೆಗಳ ವಂಶ ಹುಡುಕಿದರೆ ಸಾಮಾನ್ಯವಾಗಿ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಪ್ಯಾರಿಸ್ಸಿನ ಕಥೆಗೆ ಹೋಗಿ ನಿಲ್ತಾರೆ. 1907ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಲೆರೂ ಅವರ ಹಳದಿ ಕೋಣೆಯ ಕಥೆ ಬಂತು. ಆಮೇಲೆ ಈ ಬಗೆಯ ರಾಜ ಅಂತಲೇ ಅನ್ನಬಹುದಾದ ಜಾನ್ ಡಿಕ್ಸನ್ ಕಾರ್. ಅವರ 1935ರ 'ದ ಹಾಲೋ ಮ್ಯಾನ್' ಕಾದಂಬರಿಯ ಹದಿನೇಳನೇ ಅಧ್ಯಾಯದಲ್ಲಿ ಒಂದು ತಮಾಷೆ ಇದೆ. ಪತ್ತೇದಾರ ಡಾಕ್ಟರ್ ಫೆಲ್ ಕಥೆಯನ್ನು ಅಲ್ಲೇ ನಿಲ್ಲಿಸಿ, ನಾವೆಲ್ಲ ಪತ್ತೇದಾರಿ ಕಾದಂಬರಿಯೊಳಗೆ ಇರೋರು, ಇಲ್ಲ ಅಂತ ನಟಿಸೋದು ಯಾಕೆ ಅನ್ನುವ ಧಾಟಿಯಲ್ಲಿ ಪಾಠ ಶುರು ಮಾಡ್ತಾನೆ. ಮುಚ್ಚಿದ ಕೋಣೆಯಲ್ಲಿ ಸಾವು ಆಗೋಕೆ ಎಷ್ಟು ದಾರಿ ಅಂತ ಏಳು ಬಗೆ ಎಣಿಸ್ತಾನೆ. ಅದು ಕೊಲೆಯೇ ಅಲ್ಲ, ಅಪಘಾತ ಅನ್ನೋದು ಒಂದು. ಆತ್ಮಹತ್ಯೆಯನ್ನು ಕೊಲೆಯಂತೆ ಕಾಣಿಸೋದು ಇನ್ನೊಂದು. ಕೋಣೆಯೊಳಗೆ ಮೊದಲೇ ಇಟ್ಟ ಯಂತ್ರ ಮತ್ತೊಂದು. ಉಳಿದವನ್ನು ನೀವೇ ಓದಿ. ನನಗೆ ಬೇಕಾಗಿರೋದು ಒಂದೇ: ಹೊತ್ತಿನ ಮೋಸ. ಸಾವು ನಾವು ಅಂದುಕೊಂಡ ಹೊತ್ತಿನಲ್ಲಿ ಆಗಿಯೇ ಇಲ್ಲ ಅನ್ನೋದು. ಯಾವ ಪುಸ್ತಕದಲ್ಲಿ ಇದು ಬರ್ತದೆ ಅಂತ ಹೇಳೋದಿಲ್ಲ, ಹೇಳಿದರೆ ಕಾಮೆಂಟಿನಲ್ಲಿ ಬೈತೀರಿ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಇಲ್ಲೇ ನನಗೆ ಒಂದು ಮುಚ್ಚಿದ ಕೋಣೆ ಸಿಕ್ಕಿತ್ತು. ಹೆಣ ಇರಲಿಲ್ಲ. ಒಬ್ಬ ಹುಡುಗನ ಕೆಲಸ ಮಾತ್ರ ಹೋಗೋದಿತ್ತು.

ಔಷಧಿ ತಯಾರಿಸುವ ಕ್ಲೀನ್ ರೂಮ್ ಹೇಗಿರ್ತದೆ ಅಂದ್ರೆ, ಎರಡು ಬಾಗಿಲು, ನಡುವೆ ಚಿಕ್ಕ ಕೋಣೆ. ಒಂದು ಬಾಗಿಲು ತೆರೆದಿದ್ದಾಗ ಇನ್ನೊಂದು ತೆರೆಯೋದಿಲ್ಲ. ಕಾರ್ಡ್ ತೋರಿಸದೆ ಒಳಗೆ ಬಿಡೋದಿಲ್ಲ. ಹೊರಗಿನ ಧೂಳು ನುಗ್ಗದಂತೆ ಒಳಗಿನ ಗಾಳಿಯ ಒತ್ತಡ ಸ್ವಲ್ಪ ಜಾಸ್ತಿ ಇಟ್ಟಿರ್ತಾರೆ, ಅದು ಇಳಿದರೆ ಅಲಾರಂ. ಅಲಾರಂ ನೋಡಿದೆ ಅಂತ ಆಪರೇಟರ್ ಒಳಗಿನ ಪ್ಯಾನೆಲ್ ಮೇಲೆ ತನ್ನ ಲಾಗಿನ್‌ನಿಂದ ಒತ್ತಬೇಕು. ಪ್ರತಿಯೊಂದೂ ದಾಖಲಾಗ್ತದೆ. ಅಮೆರಿಕಕ್ಕೆ ಔಷಧಿ ಕಳಿಸೋರಿಗೆ 21 ಸಿಎಫ್‌ಆರ್ ಪಾರ್ಟ್ 11 ಅನ್ನೋ ನಿಯಮ 1997ರಿಂದ ಇದೆ. ಯಾರು, ಯಾವಾಗ, ಏನು ಮಾಡಿದರು ಅನ್ನೋದನ್ನು ಕಂಪ್ಯೂಟರೇ ಹೊತ್ತಿನ ಸಮೇತ ಬರೆದಿಡಬೇಕು. ಇದಕ್ಕೆ ಆಡಿಟ್ ಟ್ರೇಲ್ ಅಂತಾರೆ.

ಒಂದು ರಾತ್ರಿ 2:14ಕ್ಕೆ ಅಲಾರಂ ಒತ್ತಿದ ದಾಖಲೆ ಪ್ಯಾನೆಲ್‌ನಲ್ಲಿ ಇದೆ. ಲಾಗಿನ್ ಆ ಹುಡುಗನದ್ದು. ಬಾಗಿಲಿನ ದಾಖಲೆ ಪ್ರಕಾರ ಅವನು 2:05ಕ್ಕೆ ಹೊರಗೆ ಬಂದಿದ್ದಾನೆ, ಆಮೇಲೆ ಬೆಳಗಿನವರೆಗೆ ಒಳಗೆ ಹೋದವರು ಯಾರೂ ಇಲ್ಲ. ಖಾಲಿ ಕೋಣೆ, ಮುಚ್ಚಿದ ಬಾಗಿಲು, ಒಳಗೆ ಯಾರೋ ಬೆರಳು ಒತ್ತಿದ್ದಾರೆ!

ಮೀಟಿಂಗ್‌ನಲ್ಲಿ ತೀರ್ಮಾನ ಹತ್ತು ನಿಮಿಷದಲ್ಲಿ ಆಯ್ತು. ಇವನು ಪಾಸ್‌ವರ್ಡ್ ಯಾರಿಗೋ ಕೊಟ್ಟಿದ್ದಾನೆ, ಆ ಇನ್ನೊಬ್ಬ ಇವನ ಬೆನ್ನಿಗೇ ಕಾರ್ಡ್ ಇಲ್ಲದೆ ನುಸುಳಿ ಒಳಗೇ ಉಳಿದಿದ್ದಾನೆ. ಪಾಸ್‌ವರ್ಡ್ ಹಂಚೋದು ಈ ಉದ್ಯಮದಲ್ಲಿ ದೊಡ್ಡ ತಪ್ಪು. ಹುಡುಗ ಶ್ರೀಕಾಕುಳಂ ಕಡೆಯವನು, ಗುತ್ತಿಗೆ ನೌಕರ. "ನೇನು ಎವರಿಕೀ ಇವ್ವಲೇದು ಸಾರ್, ಅಲಾರಂ ನೊಕ್ಕೇಸಿ ಬೈಟಿಕಿ ವಚ್ಚೇಶಾನು" ಅಂದ. ಯಾರಿಗೂ ಕೊಟ್ಟಿಲ್ಲ ಸಾರ್, ಅಲಾರಂ ಒತ್ತಿ ಆಚೆ ಬಂದೆ ಅಂತ. ನಾನೂ ಅವನನ್ನು ನಂಬಲಿಲ್ಲ. ಸುಳ್ಳು ಹೇಳೋಕೂ ಬರೋದಿಲ್ಲವಲ್ಲ ಅಂತ ಮನಸ್ಸಿನಲ್ಲೇ ನಕ್ಕೆ. ದಾಖಲೆ ಬೇರೆ ಹೇಳ್ತಾ ಇದೆ, ದಾಖಲೆ ನನ್ನ ಸಾಫ್ಟ್‌ವೇರ್‌ನದ್ದು. ಅದು ತಪ್ಪೋದಿಲ್ಲ ಅಂತ ಒಂದು ಗರ್ವ.

ಆ ರಾತ್ರಿ ಊಟ ಮಾಡುವಾಗ ಅಪ್ಪನ ಪ್ರಶ್ನೆ ನೆನಪಾಯ್ತು, ಹೆಂಗಾಗಿರಬೇಕು? ನಾವು ಕೇಳಿದ್ದು ಬರೀ ಯಾರು ಅಂತ. ಬೆನ್ನಿಗೆ ನುಸುಳಿದವನು ಹೊರಗೆ ಬಂದದ್ದು ಹೇಗೆ? ಹೊರಗೆ ಬರೋಕೂ ಕಾರ್ಡ್ ಬೇಕಲ್ಲ! ಆ ನಮ್ಮ 'ಇನ್ನೊಬ್ಬ' ಇನ್ನೂ ಕ್ಲೀನ್ ರೂಮ್ ಒಳಗೇ ಇರಬೇಕಾಗಿತ್ತು.

ಮತ್ತೆ ಹೋಗಿ ದಾಖಲೆ ಬಿಚ್ಚಿ ಕೂತೆ. ಅದೇ ರಾತ್ರಿ ಕರೆಂಟ್ ಹೋಗಿ ಜನರೇಟರ್ ಹತ್ತಿಕೊಂಡಿತ್ತು. ವಿದ್ಯುತ್ ಮೀಟರಿನ ದಾಖಲೆಯಲ್ಲಿ ಅದು 3:40. ಬಾಗಿಲಿನ ಸರ್ವರ್‌ನಲ್ಲೂ 3:40. ಪ್ಯಾನೆಲ್‌ನಲ್ಲಿ 3:51. ಪ್ಯಾನೆಲ್‌ನ ಗಡಿಯಾರ ಹನ್ನೊಂದು ನಿಮಿಷ ಮುಂದೆ ಓಡ್ತಾ ಇತ್ತು. ಅಂದ ಮೇಲೆ 2:14 ಅನ್ನೋದು ನಿಜದಲ್ಲಿ 2:03. ಆಗ ಹುಡುಗ ಒಳಗೇ ಇದ್ದ. ಅಲಾರಂ ಒತ್ತಿದ, ಎರಡು ನಿಮಿಷಕ್ಕೆ ಹೊರಗೆ ಬಂದ. ಮೊದಲ ದಿನವೇ ಅವನು ಹೇಳಿದ ಮಾತು ಅಕ್ಷರಶಃ ಅದೇ.

ಎಲ್ಲ ಗಡಿಯಾರಗಳೂ ಒಂದು ಮುಖ್ಯ ಗಡಿಯಾರವನ್ನು ನೋಡಿ ತಮ್ಮನ್ನು ತಿದ್ದಿಕೊಳ್ಳಬೇಕು. ಈ ಪ್ಯಾನೆಲ್ ಬದಲಾಯಿಸಿದಾಗ ಆ ಸೆಟ್ಟಿಂಗ್ ಹಾಕಿರಲಿಲ್ಲ. ನನ್ನ ಸಾಫ್ಟ್‌ವೇರ್ ಅದು ಕೊಟ್ಟ ಹೊತ್ತನ್ನು ಪರೀಕ್ಷೆ ಮಾಡದೆ ಹಾಗೇ ನುಂಗಿತ್ತು. ಹುಡುಗನ ಕೆಲಸ ಉಳೀತು. ಕ್ಷಮೆ ಯಾರೂ ಕೇಳಲಿಲ್ಲ. ನಾನು ಕೇಳಿದೆ, ಆದರೆ ಕ್ಯಾಂಟೀನಿನಲ್ಲಿ, ಯಾರೂ ಇಲ್ಲದಾಗ. ಮೀಟಿಂಗ್‌ನಲ್ಲಿ ಎಲ್ಲರೆದುರು ಕೇಳಬೇಕಿತ್ತು. ಅವನು ಪರವಾಗಿಲ್ಲ ಸಾರ್ ಅಂದು ಟೀ ಕುಡಿದು ಹೋದ.

ಮುಚ್ಚಿದ ಕೋಣೆಯ ಕಥೆ ನಮಗೆ ಯಾಕೆ ಹಿಡಿಸ್ತದೆ ಅಂದ್ರೆ ನನಗೆ ಕಾಣೋದು ಇಷ್ಟು. ಕೋಣೆಯಲ್ಲಿ ಅಸಾಧ್ಯ ಅನ್ನೋದು ಏನೂ ಇರೋದಿಲ್ಲ, ನಾವು ಪ್ರಶ್ನೆ ಮಾಡದೆ ಒಪ್ಪಿಕೊಂಡ ಒಂದು ಮಾತು ಇರ್ತದೆ. ಲೇಖಕ ಅದನ್ನು ಇಪ್ಪತ್ತನೇ ಪುಟದಲ್ಲೇ ನಮ್ಮೆದುರು ಇಟ್ಟಿರ್ತಾನೆ, ನಾವೇ ಕಣ್ಣು ಹಾಯಿಸಿ ಮುಂದೆ ಹೋಗಿರ್ತೀವಿ. ಕೊನೆಗೆ ಸಿಕ್ಕಿಬಿದ್ದಾಗ ಕೊಲೆಗಾರನ ಜೊತೆ ನಾವೂ ಸಿಕ್ಕಿಬೀಳ್ತೀವಿ. ಕೋಡ್‌ನಲ್ಲಿ ಬಗ್ ಹುಡುಕುವಾಗಲೂ ಹಾಗೇ. ದೆವ್ವ ಇಲ್ಲ ಅಂತ ನಂಬಿ ಶುರು ಮಾಡಬೇಕು, ನಾನು ಬರೆದ ಸಾಲೂ ತಪ್ಪಿರಬಹುದು ಅಂತ ಮುಗಿಸಬೇಕು.

ನಮ್ಮಲ್ಲಿ ಹಳೆಯ ಮುಚ್ಚಿದ ಕೋಣೆ ಅಂದ್ರೆ ಅರಗಿನ ಮನೆ. ವಿದುರ ಕಳಿಸಿದವನು ಸುರಂಗ ತೋಡಿದ, ಪಾಂಡವರು ಪಾರಾದರು ಅಂತ ಚಿಕ್ಕಂದಿನಲ್ಲಿ ಚಪ್ಪಾಳೆ ಹೊಡೆದಿದ್ದೀವಿ. ಬೂದಿಯಲ್ಲಿ ಆರು ಹೆಣ ಸಿಕ್ಕವು, ಕುಂತಿ ಮತ್ತು ಐವರು ಅಂತ ಊರು ಲೆಕ್ಕ ಹಾಕಿತು. ಆ ಆರು ಜನ ಒಬ್ಬ ಬೇಡತಿ ಮತ್ತು ಅವಳ ಐದು ಮಕ್ಕಳು, ಆ ರಾತ್ರಿ ಊಟಕ್ಕೆ ಬಂದು ಮಲಗಿದ್ದವರು. ಅವರೆಲ್ಲಿ ಹೋದರು ಅಂತ ಹಸ್ತಿನಾಪುರದಲ್ಲಿ ಯಾರೂ ಕೇಳಲಿಲ್ಲ. ಪತ್ತೇದಾರ ಇದ್ದಿದ್ದರೆ ಮೊದಲು ಅದನ್ನೇ ಕೇಳ್ತಾ ಇದ್ದ.

ಈ ಭಾಗದಲ್ಲಿ ಇದು ಬರೀ ಕಥೆಯ ಮಾತಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಸ್ಟೈರೀನ್ ಸೋರಿ ಜನ ಸತ್ತರು. ಅದೇ ಜೂನ್ ಕೊನೆಗೆ ನಮ್ಮ ಪರವಾಡದಲ್ಲೇ ಒಂದು ಘಟಕದಲ್ಲಿ ಅನಿಲ ಸೋರಿ ಇಬ್ಬರು ಹೋದರು. ಅಂಥ ಪ್ರತಿ ಸಲ ಟೀವಿಯಲ್ಲಿ ಮೊದಲ ಪ್ರಶ್ನೆ ಯಾರ ತಪ್ಪು ಅಂತ. ಹೇಗಾಯ್ತು ಅನ್ನೋದು ವರದಿ ಬರುವ ಹೊತ್ತಿಗೆ ಓದೋಕೆ ಯಾರಿಗೂ ಪುರುಸೊತ್ತು ಇರೋದಿಲ್ಲ. ಕೊನೆಯ ಹಾಳೆ ಹರಿದ ಪುಸ್ತಕದ ಹಾಗೆ.

ಪುಸ್ತಕ ಅಂದಾಗ ನೆನಪಾಯ್ತು. ಆ ಮಹಡಿ ಕೋಣೆಯ ಸಾಹುಕಾರನ ಕಾದಂಬರಿ, ಹೆಸರು ನನಗೂ ನೆನಪಿಲ್ಲ, ಅಪ್ಪನಿಗೂ ಇಲ್ಲ. ಲೈಬ್ರರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಸಾಹುಕಾರನಿಗೆ ಒಂದು ಕಾಲು ಕುಂಟು, ಮನೆಯಲ್ಲಿ ಗಿಳಿ ಸಾಕಿದ್ದರು, ಇಷ್ಟು ಗೊತ್ತು. ಓದಿದವರು ಯಾರಾದರೂ ಇದ್ದರೆ ಕೆಳಗೆ ಹೆಸರು ಬರೆಯಿರಿ. ಕೊಂದವರು ಯಾರು ಅಂತ ಮಾತ್ರ ಬರೀಬೇಡಿ.