ಮಧುಮೇಹಿಗಳ ಆರೈಕೆಯಲ್ಲಿ ವಿಶೇಷ ತರಬೇತಿಯ ದಾದಿಯರು
(ಶತಮಾನೋತ್ಸವದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ನಾವು ಕಾಲಿನ ಹುಣ್ಣಿಗಾಗಿ ಆಸ್ಪತ್ರೆಯೊಂದರಲ್ಲಿದ್ದೆವು. ಒಂದು ಮುಂಜಾನೆ ಇನ್ಸುಲಿನ್ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಬಂದಿತು, ಉಪಾಹಾರ ಬರಲಿಲ್ಲ. ಮೈ ಬೆವರಿ, ಕೈ ನಡುಗಿ, ಮಾತು ತಡವರಿಸತೊಡಗಿತು. ಪಕ್ಕದವರು ದಣಿವೆಂದು ಬಗೆದರು. ಅತ್ತ ಸುಳಿದ ಹಿರಿಯ ದಾದಿಯೊಬ್ಬರು ಮಾತ್ರ ಕಂಡೊಡನೆ ಗುರುತಿಸಿ, ಬೆರಳ ತುದಿಯ ರಕ್ತ ಪರೀಕ್ಷಿಸಿ, 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದರು. 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಿ, ಆಹಾರ ತರಿಸಿದರು. ಅವರ ಆ ಅರಿವೇ ಅಂದು ನಮ್ಮನ್ನು ಉಳಿಸಿತು.

ಇನ್ಸುಲಿನ್ ಪತ್ತೆಯಾದುದು 1921ರಲ್ಲಿ, ಟೊರಾಂಟೊ ನಗರದಲ್ಲಿ. 1922ರ ಜನವರಿಯಲ್ಲಿ ಅದನ್ನು ಮಧುಮೇಹಿ ಬಾಲಕನೊಬ್ಬನಿಗೆ ನೀಡಲಾಯಿತು. ಔಷಧವನ್ನು ಬರೆದುಕೊಟ್ಟರೆ ಸಾಲದು, ಅದರೊಡನೆ ಬಾಳುವುದನ್ನೂ ಕಲಿಸಬೇಕೆಂದು ಬೋಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ಮನಗಂಡರು. ಆ ಬೋಧನೆಯನ್ನು ಅವರು ದಾದಿಯರಿಗೆ ವಹಿಸಿ, ರೋಗಿಗಳ ಮನೆಗಳಿಗೂ ಕಳುಹಿಸಿದರು. ಇಂದು ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಮಧುಮೇಹಕ್ಕೆಂದೇ ತರಬೇತಾದ ದಾದಿಯರಿದ್ದಾರೆ. ಮೂಳೆ ಮುರಿದೋ ಹೃದಯದ ಬಾಧೆಯಿಂದಲೋ ಬಂದ ಮಧುಮೇಹಿಯನ್ನೂ ಅವರು ವಾರ್ಡಿಗೆ ಹೋಗಿ ನೋಡುತ್ತಾರೆ. ಇನ್ಸುಲಿನ್ ಪ್ರಮಾಣ ಹೊಂದಿಸಲು ನೆರವಾಗುತ್ತಾರೆ. ಇತರ ದಾದಿಯರಿಗೂ ಕಲಿಸುತ್ತಾರೆ.

ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಇವರೆಲ್ಲರ ಬಳಿ ಕುಳಿತು ವಿವರಿಸುವ ಬಿಡುವು ವೈದ್ಯರಿಗೆಲ್ಲಿ? ಆದರೆ ಮನೆಗೆ ಹೊರಟ ರೋಗಿ ತಿಳಿಯಬೇಕಾದುದು ಬಹಳವಿದೆ. ಒಂದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಅಲ್ಲಿ ಗಂಟುಗಟ್ಟಿ, ಮದ್ದು ಸರಿಯಾಗಿ ಮೈಗೆ ಸೇರದು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಸ್ಪರ್ಶ ಕುಂದಿದ ಪಾದಗಳನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು. ನಮ್ಮ ಹುಣ್ಣೂ ಚಪ್ಪಲಿಗೆ ಸಿಕ್ಕಿದ ಸಣ್ಣ ಕಲ್ಲಿನಿಂದ ಆರಂಭವಾದುದು. ನಮಗೆ ನೋವೇ ತಿಳಿದಿರಲಿಲ್ಲ. ಪಾದ ನೋಡಿಕೊಳ್ಳಿರೆಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಹೇಳಿದವರು ಆ ದಾದಿಯೇ.

ನಮ್ಮ ಧರ್ಮಕೇಂದ್ರದ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ ದೂರದೂರುಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಬರಿದೆ ಸೂಜಿ ಚುಚ್ಚುವವರೆಂದು ಎಣಿಸದಿರೋಣ. ಅವರಲ್ಲಿ ಕೆಲವರಾದರೂ ಈ ತರಬೇತಿ ಪಡೆಯಲಿ. ಪಡೆದು ಬಂದವರ ಮೇಲೆ ಆಸ್ಪತ್ರೆಗಳು ಬೇರೆ ಕೆಲಸ ಹೇರದೆ, ರೋಗಿಯ ಬಳಿ ಕುಳಿತುಕೊಳ್ಳುವಷ್ಟು ಸಮಯ ಕೊಡಲಿ. ಮಧುಮೇಹವುಳ್ಳವರೇ, ನೀವು ಆಸ್ಪತ್ರೆಯಿಂದ ಹೊರಡುವ ಮುನ್ನ ಸಂಕೋಚವಿಲ್ಲದೆ ದಾದಿಯರನ್ನು ಕೇಳಿ ತಿಳಿಯಿರಿ. ನಾವೂ ಈ ವಯಸ್ಸಿನಲ್ಲಿ ಹಾಗೆಯೇ ಕೇಳಿ ಕಲಿತೆವು.